ಸೀಟು ಕೊಟ್ಟ ನಾಲ್ಕು ಕಾಲೇಜುಗಳಲ್ಲಿ ಒಂದನ್ನು ಆರಿಸುವುದು

ಅಮೆರಿಕದ ಪದವಿ ಕಾಲೇಜುಗಳ ಪ್ರವೇಶದಲ್ಲಿ ವರ್ಷಕ್ಕೊಮ್ಮೆ, ಮಾರ್ಚ್ ಕೊನೆಯಿಂದ ಮೇ 1ರವರೆಗಿನ ಸುಮಾರು ಐದು ವಾರಗಳ ಕಾಲ, ಆರಿಸುವ ಅಧಿಕಾರ ಕಾಲೇಜುಗಳಿಂದ ವಿದ್ಯಾರ್ಥಿಗಳಿಗೆ ಬರುತ್ತದೆ. ಅಲ್ಲಿಯವರೆಗೆ ಕಾಲೇಜುಗಳು ಅಂಕಪಟ್ಟಿ, ಪ್ರಬಂಧ, ಶಿಕ್ಷಕರ ಶಿಫಾರಸು ಪತ್ರಗಳನ್ನು ಮುಂದಿಟ್ಟುಕೊಂಡು ಅರ್ಜಿದಾರರನ್ನು ಅಳೆದು ತೂಗಿರುತ್ತವೆ. ಪ್ರವೇಶ ಪತ್ರಗಳು ಹೊರಬಿದ್ದ ದಿನದಿಂದ, ಒಂದಕ್ಕಿಂತ ಹೆಚ್ಚು ಕಡೆ ಸೀಟು ಸಿಕ್ಕ ವಿದ್ಯಾರ್ಥಿಗಳು ಆ ಕಾಲೇಜುಗಳನ್ನು ಅಳೆದು ತೂಗಲು ಆರಂಭಿಸುತ್ತಾರೆ. ನಾಲ್ಕು ಪತ್ರಗಳು ಬಂದಿದ್ದರೆ ಮೇ 1ರೊಳಗೆ ಒಂದಕ್ಕೆ ಒಪ್ಪಿಗೆ ನೀಡಿ ಮುಂಗಡ ಕಟ್ಟಬೇಕು, ಉಳಿದ ಮೂರನ್ನು ಬಿಟ್ಟುಕೊಡಬೇಕು. ಈ ಒಂದು ತೀರ್ಮಾನದ ಹಿಂದೆ ಏನೇನು ಕೆಲಸ ಮಾಡುತ್ತದೆ ಎಂಬುದನ್ನು ಅರ್ಥಶಾಸ್ತ್ರಜ್ಞರು ಕಳೆದ ಎರಡು ಮೂರು ದಶಕಗಳಲ್ಲಿ ಬಹಳ ಶ್ರದ್ಧೆಯಿಂದ ಅಧ್ಯಯನ ಮಾಡಿದ್ದಾರೆ. ಬೆಂಗಳೂರು, ಮೈಸೂರಿನಿಂದ ಪದವಿ ಓದಿಗೇ ಅಮೆರಿಕಕ್ಕೆ ಅರ್ಜಿ ಹಾಕುವ ಮಕ್ಕಳಿರುವ ಮನೆಗಳಿಗೂ, ಅಲ್ಲೇ ನೆಲೆಸಿರುವ ಕನ್ನಡ ಕುಟುಂಬಗಳಿಗೂ ಆ ಅಧ್ಯಯನಗಳು ನೇರವಾಗಿ ಉಪಯೋಗಕ್ಕೆ ಬರುತ್ತವೆ ಎಂದು ನಾನು ನಂಬಿದ್ದೇನೆ.

ಸಿಇಟಿ ಬರೆದು ಬೆಳೆದ ನಮಗೆ ಈ ವ್ಯವಸ್ಥೆ ಮೊದಲ ನೋಟಕ್ಕೆ ವಿಚಿತ್ರವಾಗಿ ಕಾಣುತ್ತದೆ. ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಸೀಟು ಹಂಚಿಕೆಯಲ್ಲಿ ವಿದ್ಯಾರ್ಥಿ ತನ್ನ ಆದ್ಯತೆಗಳನ್ನು ಮೊದಲೇ ಸಾಲಾಗಿ ದಾಖಲಿಸುತ್ತಾನೆ. ರ‍್ಯಾಂಕ್ ಮತ್ತು ಮೀಸಲಾತಿಗೆ ಅನುಗುಣವಾಗಿ, ಆ ಸಾಲಿನಲ್ಲಿ ಸಿಗಬಹುದಾದ ಅತಿ ಮೇಲಿನ ಒಂದು ಸೀಟು ಮಾತ್ರ ಅವನಿಗೆ ಸಿಗುತ್ತದೆ. ಸಿಕ್ಕದ್ದನ್ನು ಒಪ್ಪಿ ಸೇರುವುದು, ಒಪ್ಪಿಕೊಂಡೇ ಮೇಲಿನ ಆಯ್ಕೆಗೆ ಕಾಯುವುದು, ಬಿಟ್ಟು ಮುಂದಿನ ಸುತ್ತಿಗೆ ಹೋಗುವುದು, ಪೂರ್ತಿಯಾಗಿ ಹೊರಬರುವುದು ಎಂಬ ನಾಲ್ಕು ದಾರಿಗಳಿದ್ದರೂ ಎರಡು ಕಾಲೇಜುಗಳ ಸೀಟನ್ನು ಏಕಕಾಲಕ್ಕೆ ಕೈಯಲ್ಲಿ ಹಿಡಿದು ತೂಗಿ ನೋಡುವ ಅವಕಾಶ ಅಲ್ಲಿಲ್ಲ. ಅಮೆರಿಕದಲ್ಲಿ ಪ್ರತಿಯೊಂದು ಕಾಲೇಜೂ ಪ್ರತ್ಯೇಕವಾಗಿ ತೀರ್ಮಾನಿಸುವುದರಿಂದ ಒಬ್ಬಳೇ ವಿದ್ಯಾರ್ಥಿನಿಗೆ ಐದು ಕಡೆ ಸೀಟು ಸಿಗಬಹುದು, ಅವಳಷ್ಟೇ ಅರ್ಹನಾದ ಮತ್ತೊಬ್ಬನಿಗೆ ಒಂದೂ ಸಿಗದಿರಬಹುದು.

ಈ ವ್ಯತ್ಯಾಸದಿಂದ ಹುಟ್ಟುವ ಒಂದು ಪರಿಣಾಮವನ್ನು ಗಮನಿಸಬೇಕು. ಸಿಇಟಿಯಲ್ಲಿ ಒಂದು ಕಾಲೇಜಿನ ಕಂಪ್ಯೂಟರ್ ಸೈನ್ಸ್ ವಿಭಾಗದ ಕಟ್ ಆಫ್ ರ‍್ಯಾಂಕ್ ನೋಡಿದರೆ ವಿದ್ಯಾರ್ಥಿಗಳು ಅದನ್ನು ಎಷ್ಟು ಬಯಸುತ್ತಾರೆ ಎಂಬುದು ಬಹುಮಟ್ಟಿಗೆ ತಿಳಿದುಬಿಡುತ್ತದೆ, ಏಕೆಂದರೆ ಆ ಸೀಟುಗಳಿಗೆ ಯಾರನ್ನು ಸೇರಿಸಿಕೊಳ್ಳಬೇಕು ಎಂಬುದನ್ನು ಕಾಲೇಜು ತೀರ್ಮಾನಿಸುವುದಿಲ್ಲ. ಅಮೆರಿಕದಲ್ಲಿ ಯಾರನ್ನು ಕರೆಯಬೇಕು, ಎಷ್ಟು ಜನರನ್ನು ಕರೆಯಬೇಕು, ಯಾವಾಗ ಕರೆಯಬೇಕು ಎಂಬುದೆಲ್ಲ ಕಾಲೇಜಿನ ಕೈಯಲ್ಲೇ ಇರುವುದರಿಂದ ಅದು ಪ್ರಕಟಿಸುವ ಅಂಕಿಗಳು ವಿದ್ಯಾರ್ಥಿಗಳ ಒಲವನ್ನಷ್ಟೇ ಹೇಳುವುದಿಲ್ಲ. ಕಾಲೇಜಿನ ಲೆಕ್ಕಾಚಾರವೂ ಅವುಗಳಲ್ಲಿ ಬೆರೆತಿರುತ್ತದೆ.

ಅಂಥ ಅಂಕಿಗಳಲ್ಲಿ ಎರಡು ಪ್ರಸಿದ್ಧ. ಮೊದಲನೆಯದು ಪ್ರವೇಶ ಪ್ರಮಾಣ, ಅಂದರೆ ಅರ್ಜಿ ಹಾಕಿದ ನೂರು ಜನರಲ್ಲಿ ಎಷ್ಟು ಜನರಿಗೆ ಸೀಟು ಸಿಕ್ಕಿತು ಎಂಬ ಲೆಕ್ಕ. ಹಾರ್ವರ್ಡ್‌ನಲ್ಲಿ ಇದು ಇತ್ತೀಚಿನ ವರ್ಷಗಳಲ್ಲಿ ನೂರಕ್ಕೆ ನಾಲ್ವರ ಆಸುಪಾಸಿನಲ್ಲಿದೆ. ಎರಡನೆಯದನ್ನು ಅಲ್ಲಿ ಯೀಲ್ಡ್ ಎನ್ನುತ್ತಾರೆ, ನಮ್ಮ ರೈತರು ಹೇಳುವ ಇಳುವರಿ ಎಂಬ ಮಾತೇ ಅದು: ಸೀಟು ಸಿಕ್ಕ ನೂರು ಜನರಲ್ಲಿ ಎಷ್ಟು ಜನ ನಿಜವಾಗಿಯೂ ಬಂದು ಸೇರಿದರು ಎಂಬ ಲೆಕ್ಕ. ಹಾರ್ವರ್ಡ್‌ನ ಇಳುವರಿ ಶೇ. 80ನ್ನು ಮೀರುತ್ತದೆ, ಒಳ್ಳೆಯ ಹೆಸರಿರುವ ಅನೇಕ ಕಾಲೇಜುಗಳಲ್ಲಿ ಅದು ಶೇ. 30ರಿಂದ 40ರಷ್ಟಿರುವುದೂ ಉಂಟು.

ಎರಡನ್ನೂ ಬಗ್ಗಿಸಬಹುದು. ಸೀಟು ಸಿಗುವ ಸಾಧ್ಯತೆಯೇ ಇಲ್ಲದ ಸಾವಿರಾರು ಮಕ್ಕಳಿಗೆ ಆಹ್ವಾನದ ಪತ್ರ ಬರೆದು ಅರ್ಜಿ ಹಾಕಿಸಿಕೊಂಡರೆ ಪ್ರವೇಶ ಪ್ರಮಾಣ ತಾನಾಗಿ ಕುಸಿದು ಕಾಲೇಜು ಬಹಳ ಕಠಿಣವೆಂಬಂತೆ ಕಾಣುತ್ತದೆ. ಇಳುವರಿಯನ್ನು ಏರಿಸಲು ಇರುವ ದೊಡ್ಡ ಸಾಧನ ಅರ್ಲಿ ಡಿಸಿಷನ್ ಎಂಬ ಪದ್ಧತಿ. ನವೆಂಬರ್‌ನಲ್ಲೇ ಒಂದೇ ಒಂದು ಕಾಲೇಜಿಗೆ ಅರ್ಜಿ ಹಾಕಿ, ಸೀಟು ಸಿಕ್ಕರೆ ಸೇರಿಯೇ ಸೇರುತ್ತೇನೆ ಎಂದು ವಿದ್ಯಾರ್ಥಿ ಮಾತು ಕೊಡಬೇಕು. ಡಿಸೆಂಬರ್ ನಡುವೆ ಉತ್ತರ ಬರುತ್ತದೆ. ಹೀಗೆ ಕರೆದವರೆಲ್ಲ ಬಹುತೇಕ ಬಂದೇ ಬರುವುದರಿಂದ ತರಗತಿಯ ಅರ್ಧದಷ್ಟನ್ನು ಈ ದಾರಿಯಲ್ಲಿ ತುಂಬಿಸಿಕೊಂಡ ಕಾಲೇಜಿನ ಇಳುವರಿ ಸಹಜವಾಗಿಯೇ ಎತ್ತರಕ್ಕೆ ಏರುತ್ತದೆ. ಈ ಪದ್ಧತಿಯ ಬಗ್ಗೆ ನನಗೆ ದೊಡ್ಡ ಆಕ್ಷೇಪವಿದೆ. ನಾಲ್ಕು ಕಾಲೇಜುಗಳ ಧನಸಹಾಯ ಪತ್ರಗಳನ್ನು ಪಕ್ಕಪಕ್ಕದಲ್ಲಿಟ್ಟು ಹೋಲಿಸುವ ಅಗತ್ಯ ಯಾವ ಮನೆಗೆ ಅತಿ ಹೆಚ್ಚಾಗಿದೆಯೋ ಅದೇ ಮನೆಯ ಮಗು ಈ ಅವಕಾಶದಿಂದ ದೂರ ಉಳಿಯಬೇಕಾಗುತ್ತದೆ; ದುಡ್ಡಿನ ಯೋಚನೆ ಇಲ್ಲದವರಿಗೆ ಮಾತ್ರ ಅದು ನಿಶ್ಚಿಂತೆಯ ದಾರಿ. ಇದೇ ಬಗೆಯ ಕಾಳಜಿಯನ್ನು ಹೇಳಿಕೊಂಡು ಹಾರ್ವರ್ಡ್ ಮತ್ತು ಪ್ರಿನ್ಸ್‌ಟನ್ 2006ರಲ್ಲಿ ತಮ್ಮ ಮುಂಚಿತ ಪ್ರವೇಶ ಪದ್ಧತಿಗಳನ್ನು ಕೈಬಿಟ್ಟವು. ಬೇರೆ ಹೆಚ್ಚಿನ ಕಾಲೇಜುಗಳು ಅವರ ಹಾದಿ ಹಿಡಿಯದಿದ್ದುದರಿಂದ 2011ರಲ್ಲಿ ಎರಡೂ ಕಡೆ, ಸೇರಲೇಬೇಕೆಂಬ ಕಟ್ಟುಪಾಡಿಲ್ಲದ ರೂಪದಲ್ಲಿ, ಮುಂಚಿತ ಪ್ರವೇಶ ಮತ್ತೆ ಬಂತು.

ಇಳುವರಿಗೆ ಮತ್ತೊಂದು ಉಪಾಯವೂ ಇದೆ. ಬಹಳ ಬುದ್ಧಿವಂತ ವಿದ್ಯಾರ್ಥಿ ಹೇಗೂ ತನ್ನನ್ನು ಬಿಟ್ಟು ಇನ್ನೂ ಹೆಸರುವಾಸಿಯಾದ ಕಡೆಗೆ ಹೋಗುತ್ತಾನೆ ಎಂದು ಊಹಿಸಿದ ಕಾಲೇಜು ಅವನಿಗೆ ಸೀಟನ್ನೇ ಕೊಡದಿರಬಹುದು, ಕೊಡದಿದ್ದರೆ ಅವನು ನಿರಾಕರಿಸಿದ ಲೆಕ್ಕವೂ ಇರುವುದಿಲ್ಲ. ಯು.ಎಸ್. ನ್ಯೂಸ್ ಪತ್ರಿಕೆ 1983ರಿಂದ ಪ್ರಕಟಿಸುತ್ತಿರುವ ಕಾಲೇಜು ರ‍್ಯಾಂಕಿಂಗ್‌ನ ಸೂತ್ರದಲ್ಲಿ ಇಳುವರಿಗೂ ಪಾಲಿತ್ತು. ಇಂಥ ಟೀಕೆಗಳ ನಡುವೆ 2003ರಲ್ಲಿ ಅದನ್ನು ಸೂತ್ರದಿಂದ ತೆಗೆದರು, 2018ರಲ್ಲಿ ಪ್ರವೇಶ ಪ್ರಮಾಣವನ್ನೂ ತೆಗೆದರು.

ಹಾಗಾದರೆ ವಿದ್ಯಾರ್ಥಿಗಳು ನಿಜವಾಗಿ ಯಾವುದನ್ನು ಮೇಲೆಂದು ಭಾವಿಸುತ್ತಾರೆ ಎಂದು ತಿಳಿಯುವುದು ಹೇಗೆ? ಕ್ರಿಸ್ಟೋಫರ್ ಏವರಿ, ಮಾರ್ಕ್ ಗ್ಲಿಕ್‌ಮನ್, ಕ್ಯಾರೊಲಿನ್ ಹಾಕ್ಸ್‌ಬಿ, ಆಂಡ್ರ್ಯೂ ಮೆಟ್ರಿಕ್ ಎಂಬ ನಾಲ್ವರು ಇದಕ್ಕೆ ಕೊಟ್ಟ ಉತ್ತರ ನನಗೆ ಬಹಳ ಇಷ್ಟವಾದದ್ದು. ಅದರ ಮೊದಲ ರೂಪ 2004ರಲ್ಲಿ ಹೊರಬಂತು, 2013ರಲ್ಲಿ ಅದು ಕ್ವಾರ್ಟರ್ಲಿ ಜರ್ನಲ್ ಆಫ್ ಎಕನಾಮಿಕ್ಸ್‌ನಲ್ಲಿ ಪ್ರಕಟವಾಯಿತು. ಕಾಲೇಜುಗಳನ್ನು ಚದುರಂಗದ ಆಟಗಾರರೆಂದು ಭಾವಿಸೋಣ ಎಂಬುದು ಅವರ ಸಲಹೆ. ಒಬ್ಬ ವಿದ್ಯಾರ್ಥಿನಿಗೆ ನಾಲ್ಕು ಕಾಲೇಜುಗಳು ಸೀಟು ಕೊಟ್ಟರೆ ಆ ನಾಲ್ಕೂ ಒಂದು ಪಂದ್ಯದಲ್ಲಿ ಎದುರಾದಂತೆ. ಅವಳು ಆರಿಸಿದ ಕಾಲೇಜು ಉಳಿದ ಮೂರನ್ನು ಸೋಲಿಸಿದಂತೆ. ಆ ಮೂರರ ನಡುವೆ ಯಾವುದು ಮೇಲು ಎಂಬುದನ್ನು ಈ ಪಂದ್ಯ ಹೇಳುವುದಿಲ್ಲ. ಅದು ಬೇರೆ ವಿದ್ಯಾರ್ಥಿಗಳ ಆಯ್ಕೆಯಿಂದ ತಿಳಿಯಬೇಕು. ಇಂಥ ಸಾವಿರಾರು ಪಂದ್ಯಗಳ ಫಲಿತಾಂಶವನ್ನು ಒಟ್ಟುಗೂಡಿಸಿದರೆ, ವಿಶ್ವನಾಥನ್ ಆನಂದ್ ಅವರಿಗೂ ಊರಿನ ಕ್ಲಬ್ಬಿನ ಹುಡುಗನಿಗೂ ಹೇಗೆ ರೇಟಿಂಗ್ ಲೆಕ್ಕ ಹಾಕುತ್ತಾರೋ ಹಾಗೆಯೇ ಪ್ರತಿ ಕಾಲೇಜಿಗೂ ಒಂದು ಅಂಕ ಸಿಗುತ್ತದೆ. ಗ್ಲಿಕ್‌ಮನ್ ಅವರು ಚದುರಂಗದ ಗ್ಲಿಕೊ ರೇಟಿಂಗ್ ಪದ್ಧತಿಯನ್ನು ರೂಪಿಸಿದವರು ಎಂಬುದನ್ನು ನೆನೆದರೆ ಈ ಹೋಲಿಕೆ ಎಲ್ಲಿಂದ ಬಂತು ಎಂಬುದು ಸ್ಪಷ್ಟವಾಗುತ್ತದೆ.

ಈ ವಿಧಾನದ ಶಕ್ತಿ ಎರಡು ಕಡೆ ಇದೆ. ಒಂದಕ್ಕೊಂದು ಎಂದೂ ನೇರವಾಗಿ ಎದುರಾಗದ ಆಟಗಾರರನ್ನೂ ಅದು ಹೋಲಿಸಬಲ್ಲದು. ಮ್ಯಾಸಚೂಸೆಟ್ಸ್‌ನ ಒಂದು ಪುಟ್ಟ ಕಾಲೇಜಿಗೂ ಕ್ಯಾಲಿಫೋರ್ನಿಯಾದ ದೊಡ್ಡ ವಿಶ್ವವಿದ್ಯಾಲಯಕ್ಕೂ ಏಕಕಾಲಕ್ಕೆ ಆಯ್ಕೆಯಾದವರು ಬೆರಳೆಣಿಕೆಯಷ್ಟೇ ಇರಬಹುದು. ಆದರೆ ಎರಡೂ ಬೇರೆ ಬೇರೆ ಪಂದ್ಯಗಳಲ್ಲಿ ಸ್ಟ್ಯಾನ್‌ಫರ್ಡ್‌ನೊಡನೆಯೋ ಯೇಲ್‌ನೊಡನೆಯೋ ಸೆಣಸಿರುತ್ತವೆ, ಆ ಸಾಮಾನ್ಯ ಎದುರಾಳಿಗಳ ಮೂಲಕ ಅವುಗಳ ಅಂತರವನ್ನು ಅಂದಾಜು ಮಾಡಬಹುದು. ಇದಕ್ಕಿಂತ ಮುಖ್ಯವಾದದ್ದು, ಈ ಲೆಕ್ಕವನ್ನು ಕಾಲೇಜು ಸುಲಭವಾಗಿ ಬಗ್ಗಿಸಲಾರದು. ದುರ್ಬಲ ಎದುರಾಳಿಗಳನ್ನೇ ಹುಡುಕಿ ಹುಡುಕಿ ಆಡಿ ಗೆದ್ದವನ ರೇಟಿಂಗ್ ಹೆಚ್ಚು ಏರುವುದಿಲ್ಲವಲ್ಲ, ಅದೇ ರೀತಿ ಪ್ರಬಲ ಕಾಲೇಜುಗಳ ಕಣ್ಣಿಗೆ ಬಿದ್ದ ವಿದ್ಯಾರ್ಥಿಗಳನ್ನು ಬೇಕೆಂದೇ ದೂರವಿಟ್ಟು ಇಳುವರಿ ಹೆಚ್ಚಿಸಿಕೊಂಡ ಕಾಲೇಜಿಗೆ ಇಲ್ಲಿ ಲಾಭವಾಗುವುದಿಲ್ಲ.

ಅವರು ಬಳಸಿದ್ದು 1999–2000ರಲ್ಲಿ ಪ್ರೌಢಶಾಲೆಯ ಕೊನೆಯ ವರ್ಷದಲ್ಲಿದ್ದ 3,240 ಪ್ರತಿಭಾವಂತ ವಿದ್ಯಾರ್ಥಿಗಳ ಮಾಹಿತಿಯನ್ನು. ಅವರು 510 ಶಾಲೆಗಳಿಂದ ಬಂದವರು. ಶುಲ್ಕ, ಧನಸಹಾಯ, ಮನೆಯಿಂದ ಇರುವ ದೂರ, ತಂದೆ ತಾಯಿ ಅದೇ ಕಾಲೇಜಿನಲ್ಲಿ ಓದಿದ್ದಾರೆಯೇ ಎಂಬ ಸಂಗತಿಗಳನ್ನೂ ಲೆಕ್ಕಕ್ಕೆ ತೆಗೆದುಕೊಂಡರು. ಹಾರ್ವರ್ಡ್ ಮೊದಲಿಗೆ ಬಂತು. ಅದರ ಬೆನ್ನಿಗೇ ಯೇಲ್, ಸ್ಟ್ಯಾನ್‌ಫರ್ಡ್, ಕ್ಯಾಲ್ಟೆಕ್, ಎಂಐಟಿ, ಪ್ರಿನ್ಸ್‌ಟನ್ ಬಂದವು. ಹೊರಗಿನವರಿಗೆ ಅಷ್ಟಾಗಿ ಪರಿಚಯವಿಲ್ಲದ ಆಮ್ಹರ್ಸ್ಟ್ ಎಂಬ ಚಿಕ್ಕ ಕಾಲೇಜು ಮೊದಲ ಹತ್ತರೊಳಗೆ ಇತ್ತು. ಬೆಂಗಳೂರಿನ ಎಷ್ಟೋ ಪೋಷಕರು ವಿಶ್ವವಿದ್ಯಾಲಯವಲ್ಲ, ಬರೀ ಕಾಲೇಜು ಎಂಬ ಕಾರಣಕ್ಕೆ ಆಮ್ಹರ್ಸ್ಟ್, ಸ್ವಾರ್ತ್‌ಮೋರ್‌ನಂಥ ಹೆಸರುಗಳನ್ನು ಪಟ್ಟಿಯಿಂದ ಹೊಡೆದು ಹಾಕುತ್ತಾರೆ. ಅಲ್ಲಿನ ಮಕ್ಕಳು ಸೀಟು ಕೈಯಲ್ಲಿ ಹಿಡಿದು ಆರಿಸುವಾಗ ಹಾಗೆ ಮಾಡಿರಲಿಲ್ಲ.

ಈ ಪಟ್ಟಿಗೂ ಮಿತಿಯಿದೆ, ಲೇಖಕರೇ ಅದನ್ನು ಚರ್ಚಿಸಿದ್ದಾರೆ. ಕ್ಯಾಲ್ಟೆಕ್‌ಗೆ ಅರ್ಜಿ ಹಾಕುವವರು ಗಣಿತ, ವಿಜ್ಞಾನದ ಹುಚ್ಚು ಹಿಡಿದವರು. ಅವರು ಅದನ್ನು ಆರಿಸುವುದು ಸಹಜ, ಸಾಹಿತ್ಯ ಓದಬೇಕೆನ್ನುವವರು ಅತ್ತ ತಲೆ ಹಾಕುವುದೇ ಇಲ್ಲ. ಯೂಟಾ ರಾಜ್ಯದ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯ ಬೇರೆ ರ‍್ಯಾಂಕಿಂಗ್‌ಗಳಿಗಿಂತ ಇಲ್ಲಿ ಗಣನೀಯವಾಗಿ ಮೇಲಿತ್ತು, ಏಕೆಂದರೆ ಮಾರ್ಮನ್ ಎಂಬ ಕ್ರೈಸ್ತ ಪಂಥವೇ ನಡೆಸುವ ಅದು ಆ ಪಂಥದ ಪ್ರತಿಭಾವಂತ ಮಕ್ಕಳಿಗೆ ಎಲ್ಲಕ್ಕಿಂತ ಹತ್ತಿರದ್ದು. ಎಂದರೆ ಒಂದೇ ಸಾಲಿನ ಪಟ್ಟಿಯೊಳಗೆ ಹಲವು ಬಗೆಯ ಜನರ ಹಲವು ಬಗೆಯ ಬಯಕೆಗಳು ಅಡಗಿ ಕುಳಿತಿರುತ್ತವೆ. ಹೆಚ್ಚು ಜನ ಆರಿಸಿದ್ದಾರೆ ಎಂಬುದು ಒಬ್ಬ ವಿದ್ಯಾರ್ಥಿಗೆ ಒಂದು ಮಾಹಿತಿಯೇ ಹೊರತು ಅವನಿಗೆ ಹೊಂದುವ ಕಾಲೇಜು ಯಾವುದು ಎಂಬ ಪ್ರಶ್ನೆಗೆ ಉತ್ತರವಲ್ಲ.

ಆಯ್ಕೆಯಲ್ಲಿ ಹಣದ ಪಾತ್ರ ಎಷ್ಟು ದೊಡ್ಡದು ಎಂಬುದನ್ನು ಕಾಲೇಜುಗಳು ಸಂಶೋಧಕರಿಗಿಂತ ಬಹಳ ಮೊದಲೇ ಅರಿತಿದ್ದವು. 1950ರ ದಶಕದಿಂದಲೇ ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್ ಸೇರಿದಂತೆ ಐವಿ ಲೀಗ್ ಎಂಬ ಪ್ರತಿಷ್ಠಿತ ಗುಂಪಿನ ಎಂಟು ವಿಶ್ವವಿದ್ಯಾಲಯಗಳು, ಎಂಐಟಿ ಮತ್ತು ಇನ್ನು ಕೆಲವು ಕಾಲೇಜುಗಳ ಪ್ರತಿನಿಧಿಗಳು ಓವರ್‌ಲ್ಯಾಪ್ ಗ್ರೂಪ್ ಎಂಬ ಹೆಸರಿನಲ್ಲಿ ಪ್ರತಿ ವಸಂತದಲ್ಲಿ ಸಭೆ ಸೇರುತ್ತಿದ್ದರು. ಎರಡು ಮೂರು ಕಡೆ ಆಯ್ಕೆಯಾದ ವಿದ್ಯಾರ್ಥಿಗಳ ಪಟ್ಟಿಯನ್ನು ಮುಂದಿಟ್ಟುಕೊಂಡು, ಪ್ರತಿಯೊಬ್ಬರ ಮನೆಯವರು ಎಷ್ಟು ಹಣ ಭರಿಸಬೇಕು ಎಂಬ ಮೊತ್ತವನ್ನು ಎಲ್ಲ ಕಡೆ ಒಂದೇ ಆಗುವಂತೆ ಹೊಂದಿಸುತ್ತಿದ್ದರು. ದುಡ್ಡಿನ ಆಸೆಗಲ್ಲದೆ ಓದಿನ ಗುಣ ನೋಡಿ ವಿದ್ಯಾರ್ಥಿ ಆರಿಸಲಿ, ಪ್ರತಿಭಾವಂತರನ್ನು ಸೆಳೆಯುವ ಪೈಪೋಟಿಯಲ್ಲಿ ಬಡ ವಿದ್ಯಾರ್ಥಿಗಳ ಪಾಲಿನ ಹಣ ಕರಗದಿರಲಿ ಎಂಬುದು ಅವರ ವಾದ. ಅಮೆರಿಕದ ನ್ಯಾಯಾಂಗ ಇಲಾಖೆಗೆ ಇದು ಬೆಲೆ ನಿಗದಿಯ ಒಳಒಪ್ಪಂದವಾಗಿ ಕಂಡಿತು. 1991ರಲ್ಲಿ ಮೊಕದ್ದಮೆ ಹೂಡಿದಾಗ ಐವಿ ಲೀಗ್‌ನ ಎಂಟೂ ರಾಜಿ ಮಾಡಿಕೊಂಡು ಸಭೆ ನಿಲ್ಲಿಸಿದವು. ಎಂಐಟಿ ಒಂದೇ ನ್ಯಾಯಾಲಯದಲ್ಲಿ ವಾದಿಸಿತು. ಕೆಳಗಿನ ನ್ಯಾಯಾಲಯದಲ್ಲಿ ಸೋತು, ಮೇಲ್ಮನವಿಯಲ್ಲಿ ಮರುಪರಿಶೀಲನೆಗೆ ಆದೇಶ ಪಡೆದು, 1993ರ ಕೊನೆಗೆ ಇಲಾಖೆಯೊಡನೆ ಒಪ್ಪಂದಕ್ಕೆ ಬಂತು. ಮರುವರ್ಷ ಸಂಸತ್ತು ಕಾನೂನಿನ ಒಂದು ಕಲಮಿನ ಮೂಲಕ, ಮನೆಯ ಹಣಕಾಸು ನೋಡದೆ ಸೀಟು ಕೊಡುವ ಕಾಲೇಜುಗಳು ಸಹಾಯದ ಸಾಮಾನ್ಯ ಸೂತ್ರಗಳನ್ನು ಒಟ್ಟಾಗಿ ರೂಪಿಸಿಕೊಳ್ಳಲು ಅವಕಾಶ ಕೊಟ್ಟಿತು, ಬಿಡಿ ವಿದ್ಯಾರ್ಥಿಯ ಮೊತ್ತವನ್ನು ಮಾತ್ರ ಚರ್ಚಿಸುವಂತಿರಲಿಲ್ಲ. ಆ ಕಲಮು 2022ರ ಸೆಪ್ಟೆಂಬರ್‌ನಲ್ಲಿ ಮುಗಿಯಿತು. ಅದೇ ವರ್ಷದ ಆರಂಭದಲ್ಲಿ ಹಳೆಯ ವಿದ್ಯಾರ್ಥಿಗಳು ಹೂಡಿದ ಮೊಕದ್ದಮೆಯಲ್ಲಿ, ತಪ್ಪೊಪ್ಪಿಕೊಳ್ಳದೆ ರಾಜಿಯಾದ 10 ವಿಶ್ವವಿದ್ಯಾಲಯಗಳು 2024ರ ಆರಂಭದ ಹೊತ್ತಿಗೆ ಒಟ್ಟು 28.4 ಕೋಟಿ ಡಾಲರ್ ಕೊಡಲು ಒಪ್ಪಿಕೊಂಡವು.

ಹೀಗಾಗಿ ಇಂದು ನಾಲ್ಕು ಪತ್ರಗಳಲ್ಲಿ ನಾಲ್ಕು ಬೇರೆ ಬೇರೆ ಮೊತ್ತಗಳಿರುತ್ತವೆ, ಅವುಗಳನ್ನು ಓದುವುದೇ ಒಂದು ವಿದ್ಯೆ. ಮೇಲೆ ಹೇಳಿದ ಸಮೀಕ್ಷೆಯ ಆಧಾರದಲ್ಲೇ ಏವರಿ ಮತ್ತು ಹಾಕ್ಸ್‌ಬಿ 2004ರಲ್ಲಿ ಮತ್ತೊಂದು ಪ್ರಶ್ನೆ ಕೇಳಿದ್ದರು: ಧನಸಹಾಯಕ್ಕೆ ವಿದ್ಯಾರ್ಥಿಗಳು ಸ್ಪಂದಿಸುವ ರೀತಿ ಸರಿಯಾಗಿದೆಯೇ? ಬಹುಪಾಲು ಮಕ್ಕಳು ವಿವೇಕದಿಂದಲೇ ವರ್ತಿಸಿದ್ದರು. ಆದರೆ ಸುಮಾರು ಶೇ. 30ರಷ್ಟು ಮಕ್ಕಳು ತಮಗೇ ನಷ್ಟವಾಗುವಂತೆ ಆರಿಸಿದ್ದರು. ಸಹಾಯಧನಕ್ಕೆ ವಿದ್ಯಾರ್ಥಿವೇತನ ಎಂಬ ಹೆಸರಿಟ್ಟರೆ ಅಷ್ಟೇ ಮೊತ್ತ ಹೆಚ್ಚು ಆಕರ್ಷಕವಾಗುತ್ತಿತ್ತು. ಮೊದಲ ವರ್ಷಕ್ಕೆ ಹೆಚ್ಚು ಕೊಟ್ಟು ಮುಂದೆ ಕಡಿಮೆ ಮಾಡುವ ಕೊಡುಗೆ ಸಮನಾಗಿ ಹಂಚಿದ್ದಕ್ಕಿಂತ ಪ್ರಿಯವಾಗುತ್ತಿತ್ತು. ಹಿಂದಿರುಗಿಸಬೇಕಾದ ಸಾಲ, ಕ್ಯಾಂಪಸ್ಸಿನಲ್ಲಿ ದುಡಿದು ಗಳಿಸಬೇಕಾದ ಹಣ ಇವೂ ಉಚಿತ ಸಹಾಯದಂತೆಯೇ ಅವರನ್ನು ಸೆಳೆದಿದ್ದವು.

ಭಾರತದಿಂದ ಹೋಗುವವರಿಗೆ ಈ ಅಪಾಯ ಇನ್ನೂ ಹೆಚ್ಚು. ಅಮೆರಿಕ ಸರ್ಕಾರದ ಸಹಾಯ ಅವರಿಗಿಲ್ಲ. ವಿದೇಶಿ ವಿದ್ಯಾರ್ಥಿಗಳ ಹಣಕಾಸು ನೋಡದೆ ಸೀಟು ಕೊಟ್ಟು ಪೂರ್ತಿ ಅಗತ್ಯವನ್ನು ಭರಿಸುವುದು ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ, ಆಮ್ಹರ್ಸ್ಟ್ ಮೊದಲಾದ ಕೆಲವೇ ಸಂಸ್ಥೆಗಳು. ಹೆಸರಾಂತ ಖಾಸಗಿ ಕಾಲೇಜಿನ ವರ್ಷದ ಪೂರ್ಣ ವೆಚ್ಚ ಈಗ 90,000 ಡಾಲರ್ ಆಸುಪಾಸಿನಲ್ಲಿದೆ. ವೀಸಾಕ್ಕೆ ಬೇಕಾದ ಐ-20 ಪತ್ರ ಪಡೆಯಲು ಮೊದಲ ವರ್ಷದ ಹಣ ತೋರಿಸಿದರೆ ಸಾಕಾಗುವುದರಿಂದ ಮನೆಯವರ ಗಮನವೆಲ್ಲ ಮೊದಲ ವರ್ಷದ ಮೇಲೆಯೇ ನಿಲ್ಲುತ್ತದೆ. ಅಲ್ಲಿನ ಪದವಿಗೆ ನಾಲ್ಕು ವರ್ಷ ಬೇಕು. ಈ ಸಹಾಯ ನಾಲ್ಕೂ ವರ್ಷ ಇರುತ್ತದೆಯೇ, ಶುಲ್ಕ ಏರಿದರೆ ಅದೂ ಏರುತ್ತದೆಯೇ, ಇಂತಿಷ್ಟು ಅಂಕ ಬರದಿದ್ದರೆ ನಿಂತುಹೋಗುತ್ತದೆಯೇ ಎಂಬ ಮೂರು ಪ್ರಶ್ನೆಗಳನ್ನು ಕಾಲೇಜಿಗೆ ಬರೆದು ಕೇಳಿ, ಬರಹದಲ್ಲೇ ಉತ್ತರ ಪಡೆಯಬೇಕು. ರೂಪಾಯಿಯ ಲೆಕ್ಕವನ್ನೂ ಮರೆಯಬಾರದು: 2014ರಲ್ಲಿ ಸುಮಾರು 60 ರೂಪಾಯಿ ಇದ್ದ ಡಾಲರ್ 2024ರಲ್ಲಿ 83 ರೂಪಾಯಿ ದಾಟಿತ್ತು.

ಹಣದಷ್ಟು ಗಂಭೀರವಲ್ಲದ ಸಂಗತಿಗಳೂ ಆಯ್ಕೆಯನ್ನು ಅತ್ತಿತ್ತ ತಳ್ಳುತ್ತವೆ. ಯು.ಎಸ್. ನ್ಯೂಸ್ ಪಟ್ಟಿಯಲ್ಲಿ ಒಂದು ಸ್ಥಾನ ಮೇಲೇರಿದರೆ ಅರ್ಜಿಗಳ ಸಂಖ್ಯೆ ಶೇ. 1ರಷ್ಟು ಏರುತ್ತದೆ ಎಂದು ಮೈಕೆಲ್ ಲೂಕಾ ಮತ್ತು ಜಾನಥನ್ ಸ್ಮಿತ್ ತೋರಿಸಿದ್ದಾರೆ. ಅದೇ ಮಾಹಿತಿಯನ್ನು ಸ್ಥಾನ ಸಂಖ್ಯೆಯಿಲ್ಲದೆ ಅಕ್ಷರಾನುಕ್ರಮದಲ್ಲಿ ಕೊಟ್ಟಾಗ ಆ ಪರಿಣಾಮ ಕಾಣಲಿಲ್ಲ. ಆ ಸಂಖ್ಯೆ ಎಷ್ಟು ನಂಬಲರ್ಹ ಎಂಬುದಕ್ಕೆ 2022ರ ಪ್ರಸಂಗವೊಂದು ಸಾಕು: ಕೊಲಂಬಿಯಾದ ಗಣಿತ ಪ್ರಾಧ್ಯಾಪಕ ಮೈಕೆಲ್ ಥಡ್ಡಿಯಸ್ ಅವರು ತಮ್ಮದೇ ವಿಶ್ವವಿದ್ಯಾಲಯ ಕೊಟ್ಟಿದ್ದ ಅಂಕಿಗಳನ್ನು ಪ್ರಶ್ನಿಸಿದ ಮೇಲೆ ಎರಡನೆಯ ಸ್ಥಾನದಲ್ಲಿದ್ದ ಕೊಲಂಬಿಯಾ ಅದೇ ವರ್ಷ 18ಕ್ಕೆ ಇಳಿಯಿತು. ಕ್ಯಾಂಪಸ್ ನೋಡಲು ಹೋದ ದಿನದ ಹವಾಮಾನವೂ ಪಾತ್ರ ವಹಿಸುತ್ತದೆ. ಓದಿನ ಕಠಿಣತೆಗೆ ಹೆಸರಾದ ಒಂದು ವಿಶ್ವವಿದ್ಯಾಲಯಕ್ಕೆ ಭೇಟಿ ಕೊಟ್ಟ 1,284 ವಿದ್ಯಾರ್ಥಿಗಳನ್ನು ಯೂರಿ ಸೈಮನ್‌ಸನ್ ಅಧ್ಯಯನ ಮಾಡಿದಾಗ, ಮೋಡ ಕವಿದ ದಿನ ಬಂದವರೇ ಸೇರುವ ಸಾಧ್ಯತೆ ಹೆಚ್ಚಾಗಿತ್ತು. ಬಿಸಿಲಿಲ್ಲದ ದಿನ ಪುಸ್ತಕ ಹಿಡಿದು ಕೂರುವುದು ಹಿತವೆನಿಸಿ, ಅಂಥ ಜೀವನವೇ ತನಗೆ ಸರಿ ಎಂದು ಮನಸ್ಸು ಒಪ್ಪುತ್ತದೆ ಎಂಬುದು ಅವರ ವಿವರಣೆ.

ಇಷ್ಟೆಲ್ಲ ತೂಗಿ ಮಾಡಿದ ಆಯ್ಕೆ ಮುಂದಿನ ಬದುಕನ್ನು ಎಷ್ಟು ಬದಲಿಸುತ್ತದೆ? ಹೆಸರಾಂತ ಕಾಲೇಜಿನಲ್ಲಿ ಓದಿದವರು ಹೆಚ್ಚು ಗಳಿಸುತ್ತಾರೆ ಎಂಬುದು ಎಲ್ಲರಿಗೂ ಗೊತ್ತು. ಅದು ಕಾಲೇಜಿನಿಂದಲೋ, ಮೊದಲೇ ಇದ್ದ ಪ್ರತಿಭೆಯಿಂದಲೋ ಎಂಬುದು ಕಷ್ಟದ ಪ್ರಶ್ನೆ. ಸ್ಟೇಸಿ ಡೇಲ್ ಮತ್ತು ಅಲನ್ ಕ್ರೂಗರ್ 2002ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಸೊಗಸಾದ ದಾರಿ ಹುಡುಕಿತು. 1976ರಲ್ಲಿ ಕಾಲೇಜು ಸೇರಿದವರಲ್ಲಿ, ಒಂದೇ ಮಟ್ಟದ ಕಾಲೇಜುಗಳಿಗೆ ಅರ್ಜಿ ಹಾಕಿ, ಒಂದೇ ಬಗೆಯ ಕಡೆ ಸೀಟು ಸಿಕ್ಕಿ, ಕೊನೆಗೆ ಬೇರೆ ಬೇರೆ ಕಡೆ ಸೇರಿದವರನ್ನು ಹೋಲಿಸಿದರು. ಹೆಚ್ಚು ಕಠಿಣ ಕಾಲೇಜನ್ನು ಆರಿಸಿದವರಿಗೂ ಅದನ್ನು ಬಿಟ್ಟು ಇನ್ನೊಂದಕ್ಕೆ ಹೋದವರಿಗೂ ಸರಾಸರಿ ಗಳಿಕೆಯಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಕಡಿಮೆ ಆದಾಯದ ಮನೆಯಿಂದ ಬಂದವರಿಗೆ ಮಾತ್ರ ಕಠಿಣ ಕಾಲೇಜಿನಿಂದ ಸ್ಪಷ್ಟ ಲಾಭವಾಗಿತ್ತು.

ರಾಜ್ ಚೆಟ್ಟಿ, ಡೇವಿಡ್ ಡೆಮಿಂಗ್, ಜಾನ್ ಫ್ರೀಡ್‌ಮನ್ 2023ರಲ್ಲಿ ಇನ್ನೊಂದು ಕೋನದಿಂದ ನೋಡಿದರು. ಐವಿ ಲೀಗ್‌ನ ಎಂಟು, ಜೊತೆಗೆ ಸ್ಟ್ಯಾನ್‌ಫರ್ಡ್, ಎಂಐಟಿ, ಡ್ಯೂಕ್, ಷಿಕಾಗೊ ಎಂಬ 12 ಸಂಸ್ಥೆಗಳ ವೇಯ್ಟಿಂಗ್ ಲಿಸ್ಟ್‌ನಿಂದ ಒಳಗೆ ಬಂದವರನ್ನು ಹೊರಗುಳಿದವರೊಡನೆ ಹೋಲಿಸಿದರು. ಸರಾಸರಿ ಗಳಿಕೆಯಲ್ಲಿ ಅವರಿಗೂ ದೊಡ್ಡ ವ್ಯತ್ಯಾಸ ಸಿಗಲಿಲ್ಲ. ಆದರೆ ರಾಜ್ಯದ ಉತ್ತಮ ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಓದಿದ್ದಕ್ಕೆ ಹೋಲಿಸಿದರೆ, ಗಳಿಕೆಯಲ್ಲಿ ಮೇಲಿನ ಶೇ. 1ರ ಗುಂಪನ್ನು ಸೇರುವ ಸಾಧ್ಯತೆ ಸುಮಾರು ಒಂದೂವರೆ ಪಟ್ಟು, ಅತ್ಯುನ್ನತ ಸ್ನಾತಕೋತ್ತರ ಸಂಸ್ಥೆಗೆ ಹೋಗುವ ಸಾಧ್ಯತೆ ಹೆಚ್ಚುಕಡಿಮೆ ಎರಡು ಪಟ್ಟು, ಪ್ರತಿಷ್ಠಿತ ಸಂಸ್ಥೆಗಳಲ್ಲಿ ಕೆಲಸ ಮಾಡುವ ಸಾಧ್ಯತೆ ಸುಮಾರು ಮೂರು ಪಟ್ಟು ಆಗಿತ್ತು. ಎರಡೂ ಅಧ್ಯಯನಗಳನ್ನು ಒಟ್ಟಿಗೆ ಓದಿದರೆ ಚಿತ್ರ ತಿಳಿಯಾಗುತ್ತದೆ: ಬಹುಮಂದಿಗೆ ಗಳಿಕೆಯ ಅಂತರ ಅಷ್ಟೇನೂ ಇಲ್ಲ, ಶಿಖರಕ್ಕೆ ಹೋಗಬೇಕೆನ್ನುವ ಕೆಲವರಿಗೆ ಬಹಳ ಇದೆ, ಕೈ ಹಿಡಿದು ದಾರಿ ತೋರಿಸುವವರು ಮನೆಯಲ್ಲಿ ಇಲ್ಲದವರಿಗೂ ಬಹಳ ಇದೆ.

ಏಪ್ರಿಲ್ ಕೊನೆಯ ವಾರ ಎರಡು ಪತ್ರಗಳ ಮುಂದೆ ಕುಳಿತ ವಿದ್ಯಾರ್ಥಿನಿಯೊಬ್ಬಳನ್ನು ಊಹಿಸಿಕೊಳ್ಳೋಣ. ಒಂದು ಆ 12ರಲ್ಲೊಂದು, ಧನಸಹಾಯವಿಲ್ಲ, ಮನೆಯವರು ದೊಡ್ಡ ಸಾಲ ಮಾಡಬೇಕು. ಇನ್ನೊಂದು ಒಳ್ಳೆಯ ಸರ್ಕಾರಿ ವಿಶ್ವವಿದ್ಯಾಲಯ, ನಾಲ್ಕೂ ವರ್ಷಕ್ಕೆ ಬಹುಪಾಲು ಶುಲ್ಕ ಮಾಫಿ. ಅವಳು ಎಂಜಿನಿಯರಿಂಗ್ ಓದಿ ಕೆಲಸಕ್ಕೆ ಸೇರಬೇಕೆಂದಿದ್ದರೆ ಎರಡನೆಯದನ್ನೇ ಆರಿಸು ಎಂದು ನಾನು ಹಿಂಜರಿಯದೆ ಹೇಳುತ್ತೇನೆ. ಪದವಿಯ ನಂತರ ಸಂಶೋಧನೆಗೆ ಹೋಗುವ ಹಟವಿದ್ದರೆ, ಆ ಎರಡು ವಿಭಾಗಗಳಲ್ಲಿ ಪದವಿ ಹಂತದ ಮಕ್ಕಳಿಗೆ ಪ್ರಯೋಗಾಲಯದಲ್ಲಿ ಯಾರು ಜಾಗ ಕೊಡುತ್ತಾರೆ, ಹಿಂದಿನ ಎರಡು ಮೂರು ವರ್ಷಗಳಲ್ಲಿ ಅಲ್ಲಿಂದ ಯಾರು ಎಲ್ಲಿಗೆ ಹೋಗಿದ್ದಾರೆ ಎಂದು ಅಲ್ಲಿ ಈಗ ಓದುತ್ತಿರುವವರಿಗೆ ಫೋನ್ ಮಾಡಿ ಕೇಳಲು ಅವಳಿಗೆ ಮೇ 1ರವರೆಗೆ ಇನ್ನೂ ಕೆಲವು ದಿನಗಳಿವೆ.